ಫ್ಲೋರಿಡಾದ ಮೈಕೈ

‘ಮಾವ, ಶುಕ್ರವಾರ ರಾತ್ರಿಗೆ ಮೈಕೈ ಬುಕ್ ಮಾಡಿದ್ದೇನೆ’ ಅಂದ ಅಳಿಯ. ನನ್ನ ಹೆಂಡತಿ ತಕ್ಷಣ ಕೇಳಿದಳು, ‘ಎಣ್ಣೆ ಹಚ್ಚಿ ತಿಕ್ಕುತ್ತಾರಾ?’

ಅವಳದೇನೂ ತಪ್ಪಿಲ್ಲ. ಕುಂದಾಪುರದವರ ಕಿವಿಗೆ ಮೈಕೈ ಅಂದರೆ ಮೊದಲು ನೆನಪಾಗುವುದು ನೋವು, ಆಮೇಲೆ ಎಣ್ಣೆ. ಇಲ್ಲಿ ಅದೊಂದು ಹೋಟೆಲಿನ ಹೆಸರು. ಹವಾಯಿಯ ಭಾಷೆಯಲ್ಲಿ ಚೆನ್ನಾಗಿದೆ, ಒಳ್ಳೆಯದು ಅಂತ ಅರ್ಥ. ಫೋರ್ಟ್ ಲಾಡರ್‌ಡೇಲಿಗೆ ಅಂಟಿಕೊಂಡ ಓಕ್‌ಲ್ಯಾಂಡ್ ಪಾರ್ಕ್‌ನಲ್ಲಿ 1956ರಿಂದ ಇದೆ. ಹುಲ್ಲಿನ ಮಾಡು, ಮರದ ಬೊಂಬೆ, ರಮ್ಮು, ಬೆಂಕಿ ಹಿಡಿದು ಕುಣಿಯುವವರು. ಇಂಥದ್ದಕ್ಕೆ ಅಮೆರಿಕದಲ್ಲಿ ಟಿಕಿ ಅನ್ನುತ್ತಾರೆ.

ಹೋಟೆಲು ಅಂದ ಕೂಡಲೇ ನನಗೆ ಚಿಕ್ಕಪ್ಪ ನೆನಪಾದರು. 1958ರಲ್ಲಿ, ಹದಿಮೂರನೇ ವಯಸ್ಸಿಗೆ, ಊರಿನವರೊಬ್ಬರ ಜೊತೆ ಬೊಂಬಾಯಿ ಬಸ್ಸು ಹತ್ತಿದವರು. ಮಾಟುಂಗದ ಒಂದು ಹೋಟೆಲಿನ ಮೋರಿಯಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಗೆ ಹೋಗಿ, ಕೊನೆಗೆ ಗಲ್ಲೆಯ ಮೇಲೆ ಕೂತವರು. ಈಗ ಎಂಬತ್ತು. ಯಾವ ಹೋಟೆಲಿಗೆ ಹೋಗಿ ಬಂದೆ ಅಂದರೂ ಅವರ ಪ್ರಶ್ನೆ ಒಂದೇ: ‘ಒಳಗೆ ಯಾರಿದ್ದಾರೆ?’ ಒಳಗೆ ಅಂದರೆ ಅಡುಗೆ ಮನೆಯಲ್ಲಿ.

ಮೊದಲ ದಿನ: ಹಳೆಯ ರಸ್ತೆ

ಜೂನ್ 2025. ಗುರುವಾರ ಬೆಳಿಗ್ಗೆ ಆರಕ್ಕೆ ಟಾಂಪಾದಿಂದ ಹೊರಟೆವು. ಅಳಿಯ ಅಲ್ಲೇ ಕೆಲಸದಲ್ಲಿದ್ದಾನೆ. ಫೋರ್ಟ್ ಲಾಡರ್‌ಡೇಲಿಗೆ ನೆಟ್ಟಗೆ ಹೆದ್ದಾರಿಯಲ್ಲಿ ಹೋದರೆ ನಾಲ್ಕು ಗಂಟೆ ಸಾಕು. ಆದರೆ ನೇಪಲ್ಸ್ ದಾಟಿದ ಮೇಲೆ ನಾವು ಬೇಕೆಂತಲೇ ಹಳೆಯ ರಸ್ತೆ ಹಿಡಿದೆವು, ಟಾಮಿಯಾಮಿ ಟ್ರೇಲ್. ಟಾಂಪಾ ಮತ್ತು ಮಯಾಮಿ ಎರಡನ್ನೂ ಹೊಸೆದು ಮಾಡಿದ ಹೆಸರು. ಜೌಗು ನೆಲವನ್ನು ಅಗೆದು, ಅದೇ ಮಣ್ಣನ್ನು ಏರಿ ಹಾಕಿ, 1928ರಲ್ಲಿ ಮುಗಿಸಿದರು. ಅಗೆದ ಕಡೆ ಕಾಲುವೆ, ಏರಿ ಹಾಕಿದ ಕಡೆ ರಸ್ತೆ. ಮೈಲಿಗಟ್ಟಲೆ ಒಂದು ತಿರುವಿಲ್ಲ. ಕಾಲುವೆ ದಂಡೆಯಲ್ಲಿ ಮೊಸಳೆಗಳು ಸೌದೆ ತುಂಡಿನ ಹಾಗೆ ಬಿದ್ದಿರುತ್ತವೆ. ಮೊದಲನೆಯದನ್ನು ನೋಡಿ ಕಿರುಚಿದ ಹೆಂಡತಿ ಹತ್ತನೆಯದಕ್ಕೆ ತಲೆ ಕೂಡ ಎತ್ತಲಿಲ್ಲ.

ದಾರಿಯಲ್ಲಿ ಓಚೋಪಿ ಅಂತ ಒಂದು ಜಾಗ. ಅಮೆರಿಕದ ಅತಿ ಚಿಕ್ಕ ಅಂಚೆ ಕಚೇರಿ ಇರುವುದು ಇಲ್ಲೇ. ನಮ್ಮ ಕಡೆ ತೋಟದ ಪಂಪ್‌ಸೆಟ್ಟಿಗೆ ಶೆಡ್ಡು ಕಟ್ಟುತ್ತೇವಲ್ಲ, ಅಷ್ಟೇ ಇದೆ. ನಿಜಕ್ಕೂ ಅದು ಟೊಮೆಟೊ ತೋಟದ ನೀರಿನ ಪೈಪು ಇಡುವ ಶೆಡ್ಡೇ ಆಗಿತ್ತು. 1953ರಲ್ಲಿ ಅಂಗಡಿ ಸಮೇತ ಹಳೆಯ ಅಂಚೆ ಕಚೇರಿ ಸುಟ್ಟುಹೋದಾಗ ತಾತ್ಕಾಲಿಕ ಅಂತ ಇದಕ್ಕೆ ಬಂದರು, ಮತ್ತೆ ಎದ್ದು ಹೋಗಲಿಲ್ಲ. ಕಿಟಕಿಯಲ್ಲಿ ಕಾರ್ಡು ಕೊಂಡು ಚಿಕ್ಕಪ್ಪನಿಗೆ ಎರಡು ಸಾಲು ಗೀಚಿ ಹಾಕಿದೆ. ಒಳಗಿದ್ದ ಹೆಂಗಸು ಕನ್ನಡ ಅಕ್ಷರವನ್ನು ಸ್ವಲ್ಪ ಹೊತ್ತು ನೋಡಿ, ‘ದುಂಡಗೆ ಚಂದ ಇದೆ’ ಅಂದಳು. ವಿಳಾಸ ಮಾತ್ರ ಇಂಗ್ಲಿಷಿನಲ್ಲಿ ಬರೆಯಲೇಬೇಕು, ಮರೆಯಬೇಡಿ.

ಇಲ್ಲಿ ಕಾರಿನಿಂದ ಇಳಿಯುವ ಮೊದಲು ಸೊಳ್ಳೆ ಔಷಧಿ ಹಚ್ಚಿಕೊಳ್ಳಬೇಕು. ನಾನು ಹಚ್ಚಿಕೊಳ್ಳಲಿಲ್ಲ. ಕರಾವಳಿಯವನಿಗೆ ಸೊಳ್ಳೆ ಏನು ಹೊಸದಾ ಅಂತ ಧಿಮಾಕು. ಐದೇ ನಿಮಿಷಕ್ಕೆ ಎರಡೂ ಮೊಣಕೈ ದಡಬಡ ಊದಿಕೊಂಡಿತು. ‘ಮೈಕೈಗೆ ನಾಳೆ ಹೋಗಬೇಕಾದ್ದು, ಇವತ್ತೇ ಶುರುವಾಯ್ತಲ್ಲ’ ಅಂದಳು ಹೆಂಡತಿ.

ಮುಂದೆ ಮಿಕೊಸುಕಿ ಜನರ ಊರು ಸಿಗುತ್ತದೆ. ಇವರು ಈ ಜೌಗಿನಲ್ಲಿ ತಲೆಮಾರುಗಳಿಂದ ಇರುವ ಮೂಲನಿವಾಸಿಗಳು. ರಸ್ತೆ ಬದಿಯಲ್ಲಿ ನಾಲ್ಕೂ ಕಡೆ ತೆರೆದ ಗುಡಿಸಲುಗಳು. ಹೆಸರು ಚಿಕೀ. ಸೈಪ್ರಸ್ ಮರದ ಕಂಬ, ಮೇಲೆ ತಾಳೆ ಜಾತಿಯ ಗರಿ. ಒಂದರ ಕೆಳಗೆ ನಡುವಯಸ್ಸಿನವನೊಬ್ಬ ಗರಿ ಅಟ್ಟಿ ಹಾಕುತ್ತಿದ್ದ. ನಾನು ಹತ್ತಿರ ಹೋಗಿ ಮಾಡನ್ನು ಒಳಗಿನಿಂದ ನೋಡಿದೆ. ನಮ್ಮಲ್ಲಿ ಮಡಲು ಹೆಣೆದು ಹೊದೆಸುತ್ತೇವೆ. ಇವರು ಹೆಣೆಯುವುದಿಲ್ಲ, ಬೀಸಣಿಗೆಯಂಥ ಇಡೀ ಗರಿಯನ್ನು ಒಂದರ ಮೇಲೊಂದು ಒತ್ತಾಗಿ ಕೂರಿಸುತ್ತಾರೆ. ‘ನಮ್ಮ ಅಜ್ಜಿ ಮನೆಗೂ ಗರಿಯ ಮಾಡೇ ಇತ್ತು’ ಅಂದೆ. ಅಳಿಯ ಇಂಗ್ಲಿಷಿಗೆ ತಿರುಗಿಸಿದ. ಅವನು ನಕ್ಕು, ‘ಸೋರುತ್ತಿತ್ತಾ?’ ಅಂತ ಕೇಳಿದ. ಸೋರುತ್ತಿತ್ತು ಅಂದೆ. ‘ಹಾಗಾದರೆ ಸರಿಯಾಗಿ ಒತ್ತಿಲ್ಲ’ ಅಂದ.

ನಾಳೆ ಟಿಕಿ ಹೋಟೆಲಿಗೆ ಹೋಗುತ್ತೇವೆ ಅಂತ ಹೇಳಿದಾಗ ಅವನು ಒಂದು ವಿಷಯ ಹೇಳಿದ. ಫ್ಲೋರಿಡಾದ ಸಮುದ್ರ ತೀರದಲ್ಲಿ ಟಿಕಿ ಗುಡಿಸಲು ಅಂತ ಕರೆಯುವ ಎಷ್ಟೋ ಬಾರುಗಳು ನಿಜದಲ್ಲಿ ಚಿಕೀಗಳು. ಕಟ್ಟುವವರು ಮಿಕೊಸುಕಿ, ಸೆಮಿನೋಲ್ ಜನ. ಕಾನೂನೂ ಹಾಗೇ ಇದೆ. ಬೇರೆಯವರು ಕಟ್ಟಿದರೆ ಕಟ್ಟಡ ನಿಯಮ, ಪರವಾನಗಿ ಎಲ್ಲ ಬೇಕು. ಈ ಎರಡು ಬುಡಕಟ್ಟಿನವರು ಕರೆಂಟು, ನಲ್ಲಿ ಇಲ್ಲದ ಚಿಕೀ ಕಟ್ಟಿದರೆ ಆ ನಿಯಮ ಅನ್ವಯಿಸುವುದಿಲ್ಲ. ಬೋರ್ಡಿನ ಮೇಲೆ ಹವಾಯಿ, ಮಾಡಿನ ಮೇಲೆ ಮಿಕೊಸುಕಿ. ಚಿಕ್ಕಪ್ಪನ ಪ್ರಶ್ನೆಗೆ ಮೊದಲ ಉತ್ತರ ಹೋಟೆಲು ಮುಟ್ಟುವ ಮೊದಲೇ ಸಿಕ್ಕಿಬಿಟ್ಟಿತು.

ಇದೇ ರಸ್ತೆ ಮಯಾಮಿ ಹೊಕ್ಕ ಮೇಲೆ ಕಾಯೆ ಓಚೋ ಆಗುತ್ತದೆ, ಕ್ಯೂಬಾದವರ ಬೀದಿ. ಗೋಡೆಯಲ್ಲಿ ಒಂದು ಕಿಟಕಿ, ಅದರಿಂದಲೇ ಕಾಫಿ ಕೊಡುತ್ತಾರೆ. ಕೊಲಾಡ ಅಂತ ಕೇಳಿ. ಒಂದು ಲೋಟ ಗಟ್ಟಿ ಸಿಹಿ ಕಾಫಿ, ಜೊತೆಗೆ ಬೆರಳುದ್ದದ ನಾಲ್ಕೈದು ಪ್ಲಾಸ್ಟಿಕ್ ಕಪ್ಪು. ಹಂಚಿಕೊಂಡು ಕುಡಿಯಲಿಕ್ಕೇ ಮಾಡಿದ್ದು. ನಮ್ಮ ಬೈಟೂ ಇಲ್ಲಿ ಬೈಫೈವ್ ಆಗಿದೆ. ಡಿಕಾಕ್ಷನ್ ಮೇಲೆ ಅಷ್ಟು ನಂಬಿಕೆ ಇಟ್ಟಿದ್ದ ನನ್ನ ಹೆಂಡತಿ ಎರಡನೇ ಕಪ್ಪಿಗೆ ಕೈ ಚಾಚಿದಳು. ರಾತ್ರಿ ಫೋರ್ಟ್ ಲಾಡರ್‌ಡೇಲ್‌ನ ರೂಮು ಸೇರಿದ ಮೇಲೆ ಮೂವರಿಗೂ ನಿದ್ದೆ ಬರಲಿಲ್ಲ.

ಎರಡನೇ ದಿನ: ಒಳಗಿನ ಮಳೆ, ಹೊರಗಿನ ಮಳೆ

ಬೆಳಿಗ್ಗೆ ಸಮುದ್ರಕ್ಕೆ ಹೋದೆವು. ಕುಂದಾಪುರದಲ್ಲಿ ಸೂರ್ಯ ಸಮುದ್ರಕ್ಕೆ ಇಳಿಯುತ್ತಾನೆ, ಇಲ್ಲಿ ಸಮುದ್ರದಿಂದ ಎದ್ದು ಬರುತ್ತಾನೆ. ಐವತ್ತು ವರ್ಷದ ಅಭ್ಯಾಸ, ಅರ್ಧ ಗಂಟೆ ತಲೆ ಹೊಂದಿಕೊಳ್ಳಲಿಲ್ಲ.

ಮಧ್ಯಾಹ್ನ ಮೂರಕ್ಕೆ ಮಳೆ. ಇಲ್ಲಿ ಜೂನಿನಲ್ಲಿ ಮಧ್ಯಾಹ್ನದ ಮಳೆ ಸಾಮಾನ್ಯ. ಧೋ ಅಂತ ಸುರಿದು ಒಂದು ಗಂಟೆಗೆ ಬಿಡುತ್ತದೆ. ಅಳಿಯ ಕಾರಿನ ಹಿಂದಿನ ಗಾಜು ಇಳಿಸಿಯೇ ಬಂದಿದ್ದ. ಸೀಟಿನಲ್ಲಿ ನೀರು ನಿಂತಿತ್ತು. ರೂಮಿನ ಟವೆಲ್ ಹಾಸಿ ಕೂತರೂ ಹೋಟೆಲು ಮುಟ್ಟುವ ಹೊತ್ತಿಗೆ ನನ್ನ ಪ್ಯಾಂಟು ಹಿಂದಿನಿಂದ ಪೂರ್ತಿ ಒದ್ದೆ. ಹೊಸ ಶರ್ಟು, ಇಸ್ತ್ರಿ, ಎಲ್ಲ ದಂಡ.

ಫೆಡರಲ್ ಹೈವೇ ಅಂದರೆ ಕಾರು ಅಂಗಡಿ, ಬ್ಯಾಂಕು, ಔಷಧಿ ಅಂಗಡಿ, ಅಷ್ಟೇ. ಅದರ ನಡುವೆ ಇದ್ದಕ್ಕಿದ್ದಂತೆ ತ್ರಿಕೋನದ ಚೂಪು ಮಾಡು, ಪಂಜು, ತೋಟ. ಪಾರ್ಕಿಂಗ್ ದಾಟಿದ ಕೂಡಲೇ ಮರದ ದೊಡ್ಡ ಮುಖಗಳು ಕಣ್ಣು ಬಿಟ್ಟುಕೊಂಡು ನಿಂತಿವೆ. ಟಿಕಿ ಅಂದರೆ ಪೆಸಿಫಿಕ್ ಸಾಗರದ ಪಾಲಿನೇಷ್ಯಾ ದ್ವೀಪಗಳಲ್ಲಿ ಕೆತ್ತುವ ಇಂಥ ವಿಗ್ರಹ. ಹಿರಿಯರು, ದೇವರು. ಒಳಗೆ ಅದೇ ಮುಖದ ಮಗ್ಗಿನಲ್ಲಿ ರಮ್ಮು ಕೊಡುತ್ತಾರೆ. ‘ನಮ್ಮ ಮೆಕ್ಕೆಕಟ್ಟಿನ ಬೊಂಬೆಯನ್ನು ಯಾರಾದರೂ ಹೀಗೆ ಲೋಟ ಮಾಡಿದರೆ?’ ಅಂತ ಹೆಂಡತಿ ಮೆಲ್ಲಗೆ ಕೇಳಿದಳು. ಬಾರಕೂರಿನ ಆಚೆಯ ಮೆಕ್ಕೆಕಟ್ಟಿನಲ್ಲಿ ಕೆಂಪು ಬಣ್ಣದ ಮರದ ದೈವಗಳನ್ನು ನೋಡಿದವರಿಗೆ ಈ ಪ್ರಶ್ನೆ ಬರದೆ ಇರುವುದಿಲ್ಲ. ನನಗೆ ಉತ್ತರ ಹೊಳೆಯಲಿಲ್ಲ. ಮಗ್ಗು ಮಾತ್ರ ಕೊಳ್ಳಲಿಲ್ಲ.

ಊಟಕ್ಕಿಂತ ಒಂದು ಗಂಟೆ ಮೊದಲೇ ಹೋಗಿ ಮೊಲೊಕಾಯ್ ಬಾರಿನಲ್ಲಿ ಕೂರಿ. ಹಳೆಯ ಹಾಯಿ ಹಡಗಿನ ಒಳಗೆ ಕೂತಂತೆ ಕಟ್ಟಿದ್ದಾರೆ. ಹಗ್ಗ, ರಾಟೆ, ಕಂದೀಲು. ಕತ್ತಲೆಂದರೆ ಕತ್ತಲೆ, ಮೆನು ಓದಲು ಮೊಬೈಲಿನ ಟಾರ್ಚು ಬೇಕಾಯಿತು. ಕಿಟಕಿ ಗಾಜಿನ ಮೇಲೆ ಸದಾ ನೀರು ಇಳಿಯುತ್ತಿರುತ್ತದೆ. ಹೊರಗೆ ಬಿರುಮಳೆ ಅನ್ನಿಸಬೇಕು, ಅದಕ್ಕೆ ಪೈಪಿನಿಂದ ಬಿಡುವ ನೀರು. ನಾನು ಮೂಗು ಗಾಜಿಗೆ ಹಚ್ಚಿ ನೋಡಿದೆ. ಮಳೆಯ ನೀರು ಹೀಗೆ ಇಳಿಯುವುದಿಲ್ಲ. ಅದು ಗಾಳಿಗೆ ಓರೆಯಾಗುತ್ತದೆ, ನಡುವೆ ತಡೆದು ನಿಲ್ಲುತ್ತದೆ, ಒಂದು ಹನಿ ಇನ್ನೊಂದನ್ನು ಹಿಡಿದು ಸರ್ರನೆ ಜಾರುತ್ತದೆ. ಇದು ಒಂದೇ ಸಮನೆ, ಸರಕಾರಿ ನಲ್ಲಿಯ ಹಾಗೆ. ಆದರೂ ನೋಡುತ್ತ ಕೂತರೆ ಚೆನ್ನಾಗಿಯೇ ಇತ್ತು. ತಮಾಷೆ ಅಂದರೆ ನನ್ನ ಪ್ಯಾಂಟಿನಲ್ಲಿದ್ದದ್ದು ಮಾತ್ರ ಅಸಲಿ ಮಳೆ. ಎಸಿಗೆ ಅದು ಮಂಜುಗಡ್ಡೆಯಾಗುವುದೊಂದು ಬಾಕಿ. ಹೋಗುವವರು ಶಾಲು ಒಯ್ಯಿರಿ.

ಅಳಿಯ ಬ್ಲ್ಯಾಕ್ ಮ್ಯಾಜಿಕ್ ತರಿಸಿದ. ದೊಡ್ಡ ಬುಡ್ಡಿ ಗ್ಲಾಸು, ಕಪ್ಪಗೆ. ರಮ್ಮಿಗೆ ಕಾಫಿ ಸೇರಿಸಿ ಮಾಡಿದ್ದು. ವಾಪಸ್ಸು ಟ್ಯಾಕ್ಸಿ ಅಂತ ಮೊದಲೇ ತೀರ್ಮಾನವಾಗಿತ್ತು. ನಾನು ಕುಡಿಯುವವನಲ್ಲ, ಕಾಫಿಯ ಹೆಸರಿಗೆ ಒಂದು ಗುಟುಕು ಬಾಯಿಗೆ ಹಾಕಿದೆ. ಮೊದಲು ಹುಳಿ, ಆಮೇಲೆ ದಾಲ್ಚಿನ್ನಿ ಹಾಗೆ ಏನೋ, ಕೊನೆಗೆ ಡಿಕಾಕ್ಷನ್. ಯಾರೋ ಮಸಾಲೆ ಗೊತ್ತಿದ್ದವರ ಕೈ ಅನ್ನಿಸಿತು.

ಆ ಕೈ ಯಾರದು ಅನ್ನುವುದೇ ನನಗೆ ಈ ಹೋಟೆಲಿನ ನಿಜವಾದ ಕಥೆ.

ಟಿಕಿ ಶುರುವಾದದ್ದು ಇಲ್ಲಿ ಅಲ್ಲ. ಅಮೆರಿಕದಲ್ಲಿ ಪಾನನಿಷೇಧ ಹೋದದ್ದು 1933ರ ಡಿಸೆಂಬರ್‌ನಲ್ಲಿ. ಅದರ ಬೆನ್ನಿಗೇ ಡಾನ್ ಬೀಚ್ ಅಂತ ಹೆಸರು ಬದಲಿಸಿಕೊಂಡ ಅರ್ನೆಸ್ಟ್ ಗ್ಯಾಂಟ್ ಎಂಬಾತ ಹಾಲಿವುಡ್‌ನಲ್ಲಿ ಪುಟ್ಟ ಬಾರು ತೆರೆದ. ಬಿದಿರು, ಬಲೆ, ಅಗ್ಗದ ರಮ್ಮು. ಅವನು ಭಾರೀ ಗುಟ್ಟಿನ ಮನುಷ್ಯ. ಪಾಕ, ರಸ, ಮಸಾಲೆ ಎಲ್ಲವನ್ನೂ ತಾನೇ ಬೆರೆಸಿ ಬಾಟಲಿಗೆ ತುಂಬಿ, ‘ಡಾನ್ಸ್ ಮಿಕ್ಸ್’, ‘ಸ್ಪೈಸಸ್ ನಂಬರ್ 2’ ಅಂತ ಚೀಟಿ ಅಂಟಿಸುತ್ತಿದ್ದ. ಬಾರಿನ ಹುಡುಗರಿಗೆ ಯಾವ ಬಾಟಲಿಯಿಂದ ಎಷ್ಟು ಸುರಿಯಬೇಕು ಅನ್ನುವುದಷ್ಟೇ ಗೊತ್ತು, ಒಳಗೇನಿದೆ ಅಂತ ಗೊತ್ತಿಲ್ಲ. ಡಾನ್ಸ್ ಮಿಕ್ಸ್ ಅಂದರೆ ಗ್ರೇಪ್‌ಫ್ರೂಟ್ ರಸ ಮತ್ತು ದಾಲ್ಚಿನ್ನಿ ಹಾಕಿದ ಸಕ್ಕರೆ ಪಾಕ ಅಂತ ಹೊರಗೆ ಗೊತ್ತಾಗಲು ಎಷ್ಟೋ ದಶಕ ಹಿಡಿಯಿತು.

ಇದನ್ನು ಅಳಿಯ ಹೇಳುವಾಗ ನಾನು ಜೋರಾಗಿ ನಕ್ಕುಬಿಟ್ಟೆ. ಚಿಕ್ಕಪ್ಪನ ಹೋಟೆಲಿನಲ್ಲೂ ಇದೇ ಕಥೆ. ಸಾಂಬಾರ್ ಪುಡಿ ಸೇಟರ ಮನೆಯಲ್ಲಿ ತಯಾರಾಗಿ ಡಬ್ಬಿಯಲ್ಲಿ ಬರುತ್ತಿತ್ತು. ಕುದಿಸುವ ಭಟ್ಟರಿಗೇ ಅದರಲ್ಲಿ ಏನು ಎಷ್ಟಿದೆ ಅಂತ ತಿಳಿಸುತ್ತಿರಲಿಲ್ಲ.

ಎರಡನೇ ಮಹಾಯುದ್ಧ ಮುಗಿದು ಪೆಸಿಫಿಕ್ ದ್ವೀಪಗಳಿಂದ ಸೈನಿಕರು ಮರಳಿದ ಮೇಲೆ ಈ ಖಯಾಲಿ ದೇಶಕ್ಕೆಲ್ಲ ಹಬ್ಬಿತು. 1959ರಲ್ಲಿ ಹವಾಯಿ ರಾಜ್ಯವಾದಾಗ ಇನ್ನೂ ಏರಿತು. ಷಿಕಾಗೋದ ಬಾಬ್ ಮತ್ತು ಜ್ಯಾಕ್ ಥಾರ್ನ್‌ಟನ್ ಅಣ್ಣತಮ್ಮಂದಿರು ಅಲ್ಲಿದ್ದ ಡಾನ್‌ನ ಬಾರಿನ ಶಾಖೆ, ಡಾನ್ ದ ಬೀಚ್‌ಕೋಂಬರ್ ಹೋಟೆಲಿಗೆ ಮರುಳಾದವರು. ಇಬ್ಬರಿಗೂ ಇನ್ನೂ ಇಪ್ಪತ್ತು ಮೂವತ್ತರ ನಡುವಿನ ಪ್ರಾಯ. ಫ್ಲೋರಿಡಾಕ್ಕೆ ಬಂದು 1956ರ ಡಿಸೆಂಬರ್ 28ಕ್ಕೆ ಮೈಕೈ ತೆರೆದರು. ಬರುವಾಗ ಬರಿಗೈಯಲ್ಲಿ ಬರಲಿಲ್ಲ. ಆ ಹೋಟೆಲಿನಲ್ಲಿ ಕೆಲಸ ಮಾಡಿದ್ದ ಜನರನ್ನೇ ಕರೆದುಕೊಂಡರು. ಅವರಲ್ಲಿ ಮುಖ್ಯ ಮರಿಯಾನೊ ಲಿಕುಡಿನ್, ಫಿಲಿಪ್ಪೀನ್ಸ್‌ನವನು. ಮೈಕೈನ ಪಾನೀಯಗಳ ಪಟ್ಟಿ ಅವನ ಕೈಕೆಲಸ. ಎರಡು ದಶಕಕ್ಕೂ ಹೆಚ್ಚು ಇಲ್ಲೇ ದುಡಿದ. ಬಹಳ ವರ್ಷ ಇಲ್ಲಿ ಗಿರಾಕಿಯ ಕಣ್ಣೆದುರು ಏನೂ ಬೆರೆಸುತ್ತಿರಲಿಲ್ಲ. ಹಿಂದಿನ ಕೋಣೆಯಲ್ಲಿ ತಯಾರಾಗಿ, ಲುಂಗಿಯಂಥ ಸರೋಂಗ್ ಉಟ್ಟ ಹುಡುಗಿಯರ ಕೈಯಲ್ಲಿ ಹೊರಗೆ ಬರುತ್ತಿತ್ತು. ಗೋಡೆಯ ಹಿಂದೆ ಯಾರಿದ್ದಾರೆ ಅಂತ ಗಿರಾಕಿಗೆ ಗೊತ್ತಾಗುವ ಹಾಗೇ ಇರಲಿಲ್ಲ.

ಇದು ಒಂದು ಮೈಕೈ ಕಥೆ ಮಾತ್ರ ಅಲ್ಲ. ಡಾನ್ ಬೀಚ್‌ನ ಬಾರಿನಲ್ಲಿ ಲೋಟ ಕುಲುಕುತ್ತಿದ್ದವರಲ್ಲಿ ಫಿಲಿಪ್ಪೀನ್ಸ್‌ನವರು ಜಾಸ್ತಿ. ಅವರಲ್ಲೊಬ್ಬ ರೇ ಬುಹೆನ್, 1961ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಟಿಕಿ-ಟಿ ಅಂತ ತನ್ನದೇ ಬಾರು ಇಟ್ಟ. ಅಡುಗೆಯೂ ಅಷ್ಟೇ. ಪಾಲಿನೇಷ್ಯಾದ ಊಟ ಅಂತ ಬಡಿಸಿದ್ದು ಹೆಚ್ಚಾಗಿ ಚೀನಾದ ಕ್ಯಾಂಟನ್ ಕಡೆಯ ಅಡುಗೆ. ಚೀನೀ ಅಡುಗೆಯವರು, ಸೌದೆಯ ಚೀನೀ ಒಲೆ.

ಊಟದ ಹಾಲಿನಲ್ಲಿ ನಮ್ಮ ಪಕ್ಕದ ಮೇಜಿಗೆ ಒಬ್ಬ ಅಜ್ಜಿ, ಕೊರಳಲ್ಲಿ ಹೂಮಾಲೆ. ಮದುವೆಗೆ ಮೊದಲು ಗಂಡನ ಜೊತೆ ಮೊದಲ ಸಲ ಊಟ ಮಾಡಿದ್ದು ಇಲ್ಲೇ ಅಂತೆ. ಈಗ ಗಂಡ ಇಲ್ಲ, ಮಗ ಕರೆದುಕೊಂಡು ಬಂದಿದ್ದಾನೆ. 2020ರಲ್ಲಿ ಬಾಗಿಲು ಹಾಕಿದಾಗ ‘ಮುಗಿಯಿತು ಅಂದುಕೊಂಡಿದ್ದೆ’ ಅಂದರು. ಆ ವರ್ಷ ಅಕ್ಟೋಬರ್‌ನಲ್ಲಿ ಜೋರು ಮಳೆಗೆ ಅಡುಗೆ ಮನೆಯ ಮಾಡು ಕುಸಿಯಿತು. ಗಾಜಿನ ಮೇಲೆ ಸುಳ್ಳು ಮಳೆ ಸುರಿಸಿಕೊಂಡು ಬಂದ ಹೋಟೆಲನ್ನು ನಿಜದ ಮಳೆ ಬೀಳಿಸಿದ್ದು ಹಾಗೆ. 2014ರಲ್ಲೇ ರಾಷ್ಟ್ರೀಯ ಪಾರಂಪರಿಕ ತಾಣಗಳ ಪಟ್ಟಿಗೆ ಸೇರಿದ್ದ ಕಟ್ಟಡ ಇದು. ಆದರೆ ಪಟ್ಟಿ ಮಾಡು ಹಿಡಿದು ನಿಲ್ಲುತ್ತದಾ? 2021ರಲ್ಲಿ ಥಾರ್ನ್‌ಟನ್ ಮನೆಯವರು ತಮ್ಮ ಪಾಲು ಉಳಿಸಿಕೊಂಡು ಹೊಸ ಪಾಲುದಾರರನ್ನು ಸೇರಿಸಿಕೊಂಡರು. ತಿರುಗಿ ತೆರೆದದ್ದು 2024ರ ನವೆಂಬರ್‌ನಲ್ಲಿ. ‘ಮೊದಲಿನ ಹಾಗೇ ಇದೆಯಾ?’ ಅಂತ ಕೇಳಿದೆ. ಅಜ್ಜಿ ಸುತ್ತ ನೋಡಿ, ‘ಕತ್ತಲೆ ಹಾಗೇ ಇದೆ’ ಅಂದರು.

ಊಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕ್ರ್ಯಾಬ್ ರಂಗೂನ್ ಅಂತ ಒಂದು ತಂದರು. ಏಡಿಯನ್ನು ಚೀಸಿನ ಜೊತೆ ಕಲಸಿ ಹಿಟ್ಟಿನಲ್ಲಿ ಸುತ್ತಿ ಕರಿದದ್ದು. ಏಡಿ ಸುಕ್ಕ ತಿಂದು ಬೆಳೆದವನಿಗೆ ಇದು ಏಡಿಗೆ ಮಾಡಿದ ಅನ್ಯಾಯ ಅನ್ನಿಸಿತು. ಆದರೆ ಐದು ತಿಂದೆ. ಸಸ್ಯಾಹಾರಿ ಹೆಂಡತಿಗೆ ಮೊಟ್ಟೆ ಇಲ್ಲದ ಫ್ರೈಡ್ ರೈಸ್ ಮಾಡಿಕೊಟ್ಟರು, ಎರಡು ಸಲ ಬಿಡಿಸಿ ಹೇಳಬೇಕಾಯಿತು. ಊಟದ ಬಿಲ್ಲು ಬೇರೆ, ಕುಣಿತದ ಟಿಕೆಟ್ಟು ಬೇರೆ. ಡಾಲರನ್ನು ರೂಪಾಯಿಗೆ ಗುಣಿಸದೆ ಸುಮ್ನೆ ಕೂತಳು ಹೆಂಡತಿ, ಅದಕ್ಕೆ ನಾನು ಋಣಿ.

ಡೋಲು ಶುರುವಾದಾಗ ಮಾತ್ರ ನಾವು ಮೂವರೂ ಚಮಚ ಕೆಳಗಿಟ್ಟೆವು. ಟಹೀಟಿಯ ಹೊಡೆತ, ಮರದ ಟೊಳ್ಳು ಬೊಡ್ಡೆಯ ಮೇಲೆ ಕೋಲು. ಹೊಟ್ಟೆಯೊಳಗೆ ಕೇಳುತ್ತದೆ. ಒಬ್ಬ ಹುಡುಗ ಎರಡೂ ತುದಿಗೆ ಬೆಂಕಿ ಹಚ್ಚಿದ ಕತ್ತಿಯನ್ನು ತಿರುಗಿಸುತ್ತ ಬಂದ, ಸಮೋವಾದ ಪದ್ಧತಿ. ಇಷ್ಟು ಹೊತ್ತು ಹುಸಿನಗೆ ಇಟ್ಟುಕೊಂಡು ಕೂತಿದ್ದ ನನಗೆ ಇದನ್ನು ಸುಳ್ಳು ಅನ್ನಲು ಬಾಯಿ ಬರಲಿಲ್ಲ. ಈ ಕುಣಿತವನ್ನು ಕಟ್ಟಿದ್ದು ಮಿರೆಯ್ ಥಾರ್ನ್‌ಟನ್. ಟಹೀಟಿಯಲ್ಲಿ ಹುಟ್ಟಿದವರು. 1960ರ ದಶಕದ ಶುರುವಿನಲ್ಲಿ ಕುಣಿಯಲು ಬಂದರು, ಆಮೇಲೆ ಬಾಬ್‌ನ ಹೆಂಡತಿಯಾದರು. ಹೆಜ್ಜೆ ಅವರದು, ಉಡುಪೂ ಅವರದು. 1989ರಲ್ಲಿ ಬಾಬ್ ತೀರಿಕೊಂಡ ಮೇಲೂ ಮನೆಯವರೊಂದಿಗೆ ಹೋಟೆಲು ನಡೆಸಿಕೊಂಡು ಬಂದರು.

ಕೈ ತೊಳೆಯುವ ನೆಪದಲ್ಲಿ ಎದ್ದು ನಾನು ಅಡುಗೆ ಮನೆಯ ಬಾಗಿಲು ಹುಡುಕಿದೆ. ಸಿಕ್ಕಿತು. ಕಾಲಿನಿಂದ ತಳ್ಳುವ ಎರಡು ಹಲಗೆಯ ಬಾಗಿಲು. ಸಪ್ಲಾಯರ್ ಒಬ್ಬ ತಟ್ಟೆ ಹಿಡಿದು ಬೆನ್ನಿನಿಂದ ತಳ್ಳಿ ಒಳಗೆ ಹೋದ. ಒಂದು ಕ್ಷಣ ಬಿಳಿ ಟ್ಯೂಬ್‌ಲೈಟಿನ ಬೆಳಕು, ಪಾತ್ರೆಯ ಸದ್ದು, ಯಾರೋ ಸ್ಪ್ಯಾನಿಷ್‌ನಲ್ಲಿ ಕೂಗಿದ್ದು, ಇನ್ಯಾರೋ ನಕ್ಕದ್ದು. ಬಾಗಿಲು ಮುಚ್ಚಿಕೊಂಡಿತು. ಮತ್ತೆ ಕತ್ತಲೆ, ಡೋಲು, ದ್ವೀಪ.

ಮೂರನೇ ದಿನ: ಬೇಲಿಯ ನಡುವೆ

ವಾಪಸ್ಸು ಅಲಿಗೇಟರ್ ಆ್ಯಲಿಯಲ್ಲಿ. ಅದೇ ಜೌಗನ್ನು ಸೀಳಿಕೊಂಡು ಹೋಗುವ ಹೆದ್ದಾರಿ, ಟೋಲ್ ಇದೆ. ಎರಡೂ ಬದಿಗೆ ಎತ್ತರದ ತಂತಿ ಬೇಲಿ. ಪ್ಯಾಂಥರ್ ಎಂಬ ಅಲ್ಲಿನ ಪೂಮಾ, ನಮ್ಮ ಚಿರತೆಯಂಥ ಪ್ರಾಣಿ, ರಸ್ತೆಗೆ ಬರದಿರಲಿ ಅಂತ ಕೆಳಗೆ ಸುರಂಗ ಮಾಡಿ ದಾಟಿಸುತ್ತಾರೆ. ಪೆಟ್ರೋಲು, ತಿಂಡಿ ಎಲ್ಲ ಹೊರಡುವ ಮೊದಲೇ ನೋಡಿಕೊಳ್ಳಿ. ನಡುವೆ ಮಿಕೊಸುಕಿಗಳ ಒಂದು ಬಂಕು ಬಿಟ್ಟರೆ ಅಂಗಡಿ ಇಲ್ಲ.

ಅಲ್ಲೇ ನಿಲ್ಲಿಸಿ, ಕಾರಿನ ಸೀಟು ಒಣಗಲಿ ಅಂತ ನಾಲ್ಕೂ ಬಾಗಿಲು ತೆರೆದಿಟ್ಟು, ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಇಲ್ಲಿ ಬೆಳಿಗ್ಗೆ ಹತ್ತು, ಅಲ್ಲಿ ಸಂಜೆ ಏಳೂವರೆ. ಬೆಂಕಿ ಕುಣಿತ ಹೇಳಿದೆ, ‘ಹ್ಞೂಂ’ ಅಂದರು. ಮರದ ಬೊಂಬೆ ಹೇಳಿದೆ, ‘ಹ್ಞೂಂ’. ಚೀಟಿ ಅಂಟಿಸಿದ ಬಾಟಲಿ, ಆ ಲಿಕುಡಿನ್ ಕಥೆ ಹೇಳಿದಾಗ ಮಾತ್ರ ಸ್ವಲ್ಪ ಹೊತ್ತು ಸುಮ್ಮನಾದರು.

‘ಅವನಿಗೆ ಗೊತ್ತಿತ್ತು ಬಿಡು. ದಿನಾ ಮೂಸಿದವನಿಗೆ ಗೊತ್ತಾಗದೆ ಇರ್ತದಾ?’

‘ನಿಮಗೆ ಗೊತ್ತಿತ್ತಾ ಚಿಕ್ಕಪ್ಪ? ಸೇಟರ ಮನೆ ಪುಡಿ?’

‘ಎರಡನೇ ವರ್ಷಕ್ಕೇ. ಡಬ್ಬಿ ತೊಳೆಯೋನು ನಾನೇ ಅಲ್ವಾ. ತಳದಲ್ಲಿ ಉಳಿದದ್ದನ್ನ ಅಂಗೈಗೆ ಹಾಕಿ ನೋಡ್ತಿದ್ದೆ. ಕೊತ್ತಂಬರಿ, ಮೆಂತೆ ಎಲ್ಲರಿಗೂ ತಿಳಿಯೋದು. ಇನ್ನೊಂದು ಇತ್ತು.’

ಹೆಂಡತಿ ಫೋನು ಕಸಿದುಕೊಂಡಳು. ‘ಏನು ಮಾವ ಅದು?’

‘ಅದನ್ನ ಫೋನಲ್ಲಿ ಹೇಳೂದಿಲ್ಲ’ ಅಂದರು ಚಿಕ್ಕಪ್ಪ. ‘ಊರಿಗೆ ಬಂದಾಗ ಬಾ.’